ಕ್ಷಾರೋದ್ಯಮದ ಕಶ್ಮಲವೂ 1863ರ ಶಾಸನವೂ

ಬಟ್ಟೆಯ ಕೊಳೆಯನ್ನು ಕಳೆಯುವ ವಸ್ತುವನ್ನು ತಯಾರಿಸುವುದಕ್ಕಾಗಿ ಹುಟ್ಟಿಕೊಂಡ ಒಂದು ಉದ್ಯಮವೇ ತಾನು ನೆಲೆಸಿದ ಊರುಗಳ ಗಾಳಿ, ನೀರು, ನೆಲ ಈ ಮೂರನ್ನೂ ಕೊಳೆಯಾಗಿಸಿತೆಂಬುದು ಕೈಗಾರಿಕೆಯ ಚರಿತ್ರೆಯಲ್ಲಿ ಕಂಡುಬರುವ ಒಂದು ವೈಚಿತ್ರ್ಯ. ಆ ವಸ್ತು ಸೋಡ. ಊರುಗಳು ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಸೇಂಟ್ ಹೆಲೆನ್ಸ್, ವಿಡ್ನೆಸ್ ಮೊದಲಾದುವು. ಕಾಲವು 1823 ಮೊದಲ್ಗೊಂಡು ಸುಮಾರು ಒಂದು ನೂರು ವರ್ಷ. ‘ಕಸದಿಂದ ರಸ’ ಎಂಬ ಮಾತು ಈಚೆಗೆ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಹಳವಾಗಿ ಕೇಳಿಬರುತ್ತಿದೆ. ಕಾರ್ಖಾನೆಯ ಯಜಮಾನನು ತನ್ನ ಲಾಭವನ್ನು ಚೆನ್ನಾಗಿ ಅರಿತವನಾದರೆ ಕಶ್ಮಲವನ್ನು ತಾನಾಗಿಯೇ ತಡೆದುಕೊಳ್ಳುವನು, ರಾಜಶಾಸನದ ದಂಡವು ಬೇಕಾಗಿಲ್ಲ ಎಂದು ವಾದಿಸುವವರು, ಹೊರಗೆ ಚೆಲ್ಲುತ್ತಿದ್ದ ಅನಿಲವನ್ನು ಹಿಡಿದು ಹಣವಾಗಿಸಿಕೊಂಡ ಸೋಡದ ಕಾರ್ಖಾನೆಗಳನ್ನೇ ನಿದರ್ಶನವಾಗಿ ಹೇಳುವುದುಂಟು. ಆದರೆ ವರ್ಷಗಳ ಲೆಕ್ಕವನ್ನು ಮುಂದಿಟ್ಟುಕೊಂಡು ನೋಡಿದರೆ ಆ ಚರಿತ್ರೆಯು ಹೇಳುವ ಮಾತೇ ಬೇರೆ. ಅದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕ್ಷಾರವೆಂಬುದು ನಮ್ಮವರಿಗೆ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯವು ಕ್ಷಾರಪಾಕದ ವಿಧಿಯನ್ನೇ ನಿರೂಪಿಸತಕ್ಕುದು. ಗಿಡಮರಗಳನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ಕಾಯಿಸಿ, ಸುಟ್ಟ ಶಂಖ ಸುಣ್ಣಗಳನ್ನು ಸೇರಿಸಿ ಅದನ್ನು ತೀಕ್ಷ್ಣಗೊಳಿಸುವ ಕ್ರಮವೂ, ಮೃದು ಮಧ್ಯಮ ತೀಕ್ಷ್ಣಗಳೆಂಬ ಮೂರು ಭೇದಗಳೂ ಅಲ್ಲಿ ಹೇಳಲ್ಪಟ್ಟಿವೆ. ನಮ್ಮ ಅಗಸರಿಗೆ ಸವಳು ಮಣ್ಣೇ ಸೋಡವಾಗಿತ್ತು. ಬೇಸಗೆಯಲ್ಲಿ ತಗ್ಗು ನೆಲದ ಮೇಲೆ ಬೆಳ್ಳಗೆ ಒಡೆದು ನಿಲ್ಲುವ ಆ ಮಣ್ಣನ್ನು ಗೋರಿ ತಂದು ಬಟ್ಟೆಯೊಡನೆ ಬೇಯಿಸುತ್ತಿದ್ದರು. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜನ್ನು ಕರಗಿಸುವವರಿಗೂ ಇದೇ ಮಣ್ಣಿನ ಕ್ಷಾರವು ಬೇಕಾಗಿತ್ತೆಂಬುದನ್ನು 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿ ನೋಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಬರೆದಿಟ್ಟಿರುವನು. ಯೂರೋಪಿನವರು ಸ್ಪೇನ್ ದೇಶದ ಕಡಲಂಚಿನ ಗಿಡಗಳನ್ನೂ ಸ್ಕಾಟ್ಲೆಂಡಿನ ಕಡಲಪಾಚಿಯನ್ನೂ ಸುಟ್ಟು ಬಂದ ಬೂದಿಯಿಂದ ಕ್ಷಾರವನ್ನು ಪಡೆಯುತ್ತಿದ್ದರು. ಸಾಬೂನು, ಗಾಜು, ಬಟ್ಟೆ, ಕಾಗದ ಈ ನಾಲ್ಕು ಉದ್ಯಮಗಳಿಗೂ ಅದು ಮೂಲದ್ರವ್ಯ. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಬೇಡಿಕೆಯು ಬೂದಿಯ ಅಳವನ್ನು ಮೀರಿ ಬೆಳೆಯಿತು.

ಸಮುದ್ರದ ಉಪ್ಪಿನಿಂದ ಸೋಡವನ್ನು ಮಾಡುವವರಿಗೆ ಬಹುಮಾನವನ್ನು ಕೊಡುವುದಾಗಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಸಾರಿತು. ಓರ್ಲಿಯನ್ಸಿನ ಡ್ಯೂಕನ ವೈದ್ಯನಾಗಿದ್ದ ನಿಕೊಲಾ ಲೆಬ್ಲಾಂಕನು ಆ ಉಪಾಯವನ್ನು ಕಂಡುಹಿಡಿದು 1791ರಲ್ಲಿ ಸರಕಾರದಿಂದ ಹಕ್ಕುಪತ್ರವನ್ನು ಪಡೆದನು. ಪ್ಯಾರಿಸಿನ ಬಳಿಯ ಸೇಂಟ್ ಡೆನಿಸ್‌ನಲ್ಲಿ ಡ್ಯೂಕನ ಹಣದಿಂದ ಕಾರ್ಖಾನೆಯೂ ಎದ್ದಿತು. ಅಷ್ಟರಲ್ಲಿ ಕ್ರಾಂತಿಯು ಉಲ್ಬಣಿಸಿ, 1793ರಲ್ಲಿ ಡ್ಯೂಕನ ಶಿರಚ್ಛೇದವಾಯಿತು, ಕಾರ್ಖಾನೆ ಜಪ್ತಿಯಾಯಿತು, ರಹಸ್ಯವು ಎಲ್ಲರ ಪಾಲಾಯಿತು. ನೆಪೋಲಿಯನನ ಕಾಲದಲ್ಲಿ ಬರಿಯ ಕಟ್ಟಡವು ಲೆಬ್ಲಾಂಕನಿಗೆ ಹಿಂದಕ್ಕೆ ಬಂದಿತಾದರೂ ಅದನ್ನು ನಡೆಸಲು ಬಂಡವಾಳವಿರಲಿಲ್ಲ. ಬಹುಮಾನವೂ ಕೈಸೇರಲಿಲ್ಲ. 1806ರಲ್ಲಿ ಆತನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಲೋಕಕ್ಕೆ ಅಗ್ಗದ ಸಾಬೂನನ್ನು ಕೊಟ್ಟವನ ಗತಿ ಇದು.

ಆತನ ವಿಧಾನದ ಸ್ವರೂಪವನ್ನು ತಿಳಿಯದೆ ಮುಂದಿನ ಕಥೆಯು ಅರ್ಥವಾಗದು. ಮೊದಲು ಉಪ್ಪಿಗೆ ಗಂಧಕಾಮ್ಲವನ್ನು ಸುರಿದು ಕುಲುಮೆಯಲ್ಲಿ ಕಾಯಿಸಬೇಕು. ಆಗ ಉಪ್ಪು ‘ಸಾಲ್ಟ್‌ಕೇಕ್’ ಎಂಬ ಬಿಳಿಯ ಗಟ್ಟಿಯಾಗಿ ಮಾರ್ಪಟ್ಟು, ಲವಣಾಮ್ಲವು ಅನಿಲರೂಪದಿಂದ ಹೊರಗೆ ಹೋಗುವುದು. ಎರಡನೆಯದಾಗಿ, ಆ ಗಟ್ಟಿಯನ್ನು ಕಲ್ಲಿದ್ದಲು ಸುಣ್ಣಕಲ್ಲುಗಳೊಡನೆ ಕೂಡಿಸಿ ಸುಟ್ಟರೆ ಕರಿಯ ಬೂದಿಯಾಗುವುದು. ಅದನ್ನು ನೀರಿನಿಂದ ತೊಳೆದರೆ ಸೋಡವು ನೀರಿಗೆ ಇಳಿದು, ಸುಣ್ಣವೂ ಗಂಧಕವೂ ಕೂಡಿದ ಒಂದು ಕೆಸರು ಉಳಿಯುವುದು. ಈ ಕೆಸರಿಗೆ ಅಲ್ಲಿಯ ಕೂಲಿಕಾರರು ‘ಗ್ಯಾಲಿಗು’ ಎಂದು ಹೆಸರಿಟ್ಟಿದ್ದರು. ಒಂದು ಟನ್ ಸೋಡವನ್ನು ಪಡೆದವನಿಗೆ ಅದಕ್ಕಿಂತ ಹೆಚ್ಚು ತೂಕದ ಹಸಿ ಗ್ಯಾಲಿಗು ತಪ್ಪದೆ ಗಂಟುಬೀಳುತ್ತಿತ್ತು. ಕೊಂಡು ತಂದ ಗಂಧಕವೆಲ್ಲವೂ ಕಟ್ಟಕಡೆಗೆ ಈ ಕೆಸರಿನಲ್ಲಿ, ಉಪ್ಪಿನ ಅರ್ಧಾಂಶವು ಆಕಾಶದಲ್ಲಿ, ಹೀಗೆ ನಷ್ಟವಾಗುತ್ತಿದ್ದುವು. ವ್ಯಾಪಾರಿಗೆ ಕಾಣುತ್ತಿದ್ದುದು ನಡುವೆ ಉಳಿದ ಸೋಡವೊಂದೇ.

ಇಂಗ್ಲೆಂಡಿನಲ್ಲಿ ಉಪ್ಪಿನ ಮೇಲಣ ಸುಂಕವು ಭಾರವಾಗಿದ್ದಷ್ಟು ದಿನ ಈ ಉದ್ಯಮವು ತಲೆಯೆತ್ತಲಿಲ್ಲ. ಸುಂಕವು ಮೊದಲು ತಗ್ಗಿ, 1825ರಲ್ಲಿ ಪೂರ್ತಿಯಾಗಿ ರದ್ದಾಯಿತು. ಜೇಮ್ಸ್ ಮಸ್‌ಪ್ರಾಟ್ ಎಂಬ ಐರ್ಲೆಂಡಿನವನು 1823ರಲ್ಲಿ ಲಿವರ್‌ಪೂಲಿನಲ್ಲಿ ಕಾರ್ಖಾನೆಯನ್ನು ಆರಂಭಿಸಿ, 1828ರಲ್ಲಿ ಜೋಸಾಯಸ್ ಗ್ಯಾಂಬಲನೊಡನೆ ಸೇಂಟ್ ಹೆಲೆನ್ಸ್‌ಗೂ ಕಾಲಿಟ್ಟನು. ಚೆಷೈರಿನ ಉಪ್ಪು, ಲ್ಯಾಂಕಷೈರಿನ ಕಲ್ಲಿದ್ದಲು, ಕಾಲುವೆಯ ಸಾರಿಗೆ ಇವು ಒಂದೆಡೆ ಕೂಡಿಬಂದುದರಿಂದ ಆ ಪ್ರಾಂತವು ಕ್ಷಾರದ ಕೇಂದ್ರವಾಯಿತು. ಲವಣಾಮ್ಲದ ಅನಿಲವು ಗಾಳಿಗಿಂತ ಭಾರವಾದುದು. ತೇವವನ್ನು ಹೀರಿ ಮಂಜಿನಂತೆ ನೆಲಕ್ಕೆ ಇಳಿಯತಕ್ಕುದು. ಅದು ಇಳಿದ ಕಡೆ ಮರಗಳು ಒಣಗಿದುವು, ಬೇಲಿಯ ಗಿಡಗಳು ಸುಟ್ಟವು, ಪೈರು ಕೆಟ್ಟಿತು, ಮನೆಗಳ ಬೀಗ ಚಿಲಕಗಳು ತುಕ್ಕುಹಿಡಿದುವು. ಇದಕ್ಕೆ ಕಾರ್ಖಾನೆಯವರು ಕಂಡುಕೊಂಡ ಪರಿಹಾರವು ಎತ್ತರದ ಚಿಮಣಿ. ಮಸ್‌ಪ್ರಾಟನ ಚಿಮಣಿಯು 225 ಅಡಿಯದು; ಗ್ಲಾಸ್ಗೋ ನಗರದಲ್ಲಿ ಟೆನೆಂಟನ ಕಾರ್ಖಾನೆಯವರು 1842ರಲ್ಲಿ ಸುಮಾರು 435 ಅಡಿಯ ಚಿಮಣಿಯನ್ನೇ ನಿಲ್ಲಿಸಿದರು. ಇದರಿಂದ ಆದುದಿಷ್ಟೇ: ಹತ್ತಿರದ ತೋಟಕ್ಕೆ ಬೀಳುತ್ತಿದ್ದ ಹೊಗೆಯು ದೂರದ ಹೊಲಕ್ಕೂ ಬೀಳಲಾರಂಭಿಸಿತು. ತನ್ನ ಮನೆಯ ಕಸವನ್ನು ನೆರೆಮನೆಯ ಬಾಗಿಲಿಗೆ ಗುಡಿಸುವವನಾದರೂ ಬೆಳಕು ಹರಿಯುವ ಮೊದಲು ಗುಡಿಸುವನು. ಇವರು ಹಾಡುಹಗಲಿನಲ್ಲಿ, ಹತ್ತಾರು ಮೈಲಿಗೆ ಕಾಣುವಂತೆ ಗುಡಿಸಿದರು.

ನೊಂದವರು ನ್ಯಾಯಸ್ಥಾನಕ್ಕೆ ಹೋಗದೆ ಇರಲಿಲ್ಲ. 1838ರಲ್ಲಿ ಲಿವರ್‌ಪೂಲಿನ ನಗರಸಭೆಯೇ ಮಸ್‌ಪ್ರಾಟನ ಮೇಲೆ ದಾವೆಯನ್ನು ಹೂಡಿ ಗೆದ್ದಿತು. ಆತನು ನ್ಯೂಟನ್ ಎಂಬಲ್ಲಿ ಕಟ್ಟಿದ್ದ ಮತ್ತೊಂದು ಕಾರ್ಖಾನೆಯ ಸುತ್ತಣ ಭೂಮಾಲಿಕರೂ ವ್ಯಾಜ್ಯದ ಮೇಲೆ ವ್ಯಾಜ್ಯವನ್ನು ನಡೆಸಿ, ಕೊನೆಗೆ ಅದನ್ನು ಮುಚ್ಚಿಸಿದರು. ಆತನು ಬೇರೆಡೆಯಲ್ಲಿ ಕಟ್ಟಿಕೊಂಡನು. ವ್ಯಾಜ್ಯದಿಂದ ಕಾರ್ಖಾನೆಯು ಸ್ಥಳವನ್ನು ಬದಲಾಯಿಸಿತೇ ಹೊರತು ಅನಿಲವು ನಿಲ್ಲಲಿಲ್ಲ. ಅದಲ್ಲದೆ ಒಂದೇ ಊರಿನಲ್ಲಿ ಆರೇಳು ಕಾರ್ಖಾನೆಗಳು ಹೊಗೆಯನ್ನು ಉಗುಳುವಾಗ, ನನ್ನ ಗೋಧಿಯನ್ನು ಸುಟ್ಟದ್ದು ಇಂಥವನ ಹೊಗೆಯೇ ಎಂದು ಸಾಕ್ಷ್ಯಪೂರ್ವಕವಾಗಿ ತೋರಿಸಬಲ್ಲ ರೈತನು ಯಾರು? ದೊಡ್ಡ ಜಮೀನುದಾರನಿಗೆ ವಕೀಲರನ್ನು ಇಡುವ ಶಕ್ತಿ ಇತ್ತು. ಗೇಣಿದಾರನಿಗೆ ಅದೂ ಇರಲಿಲ್ಲ.

ಇಲ್ಲಿಯೇ ವಾಚಕರು ಒಂದು ವರ್ಷವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆ ವರ್ಷ 1836. ವೂಸ್ಟರ್‌ಷೈರಿನ ಸ್ಟೋಕ್ ಪ್ರಯರ್ ಎಂಬಲ್ಲಿ ಸೋಡವನ್ನು ಮಾಡುತ್ತಿದ್ದ ವಿಲಿಯಂ ಗಾಸೇಜ್ ಎಂಬಾತನು ಅನಿಲವನ್ನು ಹಿಡಿಯುವ ಉಪಾಯವನ್ನು ಆ ವರ್ಷವೇ ಕಂಡುಹಿಡಿದು ಹಕ್ಕುಪತ್ರವನ್ನು ಪಡೆದನು. ಲವಣಾಮ್ಲದ ಅನಿಲಕ್ಕೆ ನೀರಿನ ಮೇಲೆ ವಿಶೇಷವಾದ ಪ್ರೀತಿ. ನೀರು ತನ್ನ ಗಾತ್ರದ ನಾನೂರು ಪಾಲಿಗೂ ಹೆಚ್ಚಾಗಿ ಅದನ್ನು ಹೀರಬಲ್ಲುದು. ತೊಡಕಿದ್ದುದು ಅವೆರಡನ್ನೂ ಸಾಕಾದಷ್ಟು ವಿಸ್ತಾರವಾಗಿ ಮುಟ್ಟಿಸುವುದರಲ್ಲಿ. ಗಾಸೇಜನು ಪಾಳುಬಿದ್ದಿದ್ದ ಒಂದು ಗಾಳಿಯಂತ್ರದ ಗೋಪುರದೊಳಗೆ ಮುಳ್ಳುಪೊದೆಯನ್ನೂ ಕಡ್ಡಿಸೌದೆಯನ್ನೂ ತುಂಬಿ, ಮೇಲಿನಿಂದ ನೀರನ್ನು ತೊಟ್ಟಿಕ್ಕಿಸಿ, ಅನಿಲವನ್ನು ಅದರ ನಡುವೆ ಹಾಯಿಸಿದನೆಂದು ಪ್ರಸಿದ್ಧಿಯಿದೆ. ಪ್ರತಿಯೊಂದು ಕಡ್ಡಿಯ ಮೈಮೇಲೆಯೂ ತೆಳ್ಳಗೆ ಹರಡಿದ ನೀರು ಹಾದುಹೋಗುವ ಅನಿಲವನ್ನು ಹೀರಿ, ಗೋಪುರದ ಬುಡದಲ್ಲಿ ಆಮ್ಲವಾಗಿ ಇಳಿಯಿತು. ಅನಂತರ ಕಡ್ಡಿಗಳ ಸ್ಥಾನದಲ್ಲಿ ಕೋಕ್ ಎಂಬ ಸುಟ್ಟ ಇದ್ದಲನ್ನು ತುಂಬುವುದು ರೂಢಿಗೆ ಬಂದಿತು. ಇಂದಿಗೂ ರಾಸಾಯನಿಕ ಕಾರ್ಖಾನೆಗಳಲ್ಲಿ ಅನಿಲವನ್ನು ತೊಳೆಯುವ ಗೋಪುರಗಳು ಮೂಲತಃ ಇದೇ ತತ್ತ್ವದವು.

ಉಪಾಯವು ಸಿದ್ಧವಾಗಿತ್ತು, ದುಬಾರಿಯೂ ಆಗಿರಲಿಲ್ಲ. ಆದರೂ ಅದು ಸರ್ವತ್ರ ಜಾರಿಗೆ ಬಂದುದು 1864ರಲ್ಲಿ. ನಡುವಣ ಇಪ್ಪತ್ತೆಂಟು ವರ್ಷಗಳಲ್ಲಿ ಕೆಲವರು ಗೋಪುರವನ್ನೇ ಕಟ್ಟಲಿಲ್ಲ. ಕಟ್ಟಿದವರಲ್ಲಿಯೂ ಹಲವರು ತಮಗೆ ಎಷ್ಟು ಆಮ್ಲ ಬೇಕೋ ಅಷ್ಟನ್ನು ಹಿಡಿದು ಮಿಕ್ಕುದನ್ನು ಚಿಮಣಿಗೆ ಬಿಟ್ಟರು. ಚೆಲುವೆ ಪುಡಿಯನ್ನು ಮಾಡುವವರಿಗೆ ಲವಣಾಮ್ಲವು ಬೇಕಾಗಿತ್ತು, ನಿಜ. ಆದರೆ ಅವರ ಅಗತ್ಯಕ್ಕಿಂತ ಬಹು ಮಡಿ ಹೆಚ್ಚಾಗಿ ಅದು ಹುಟ್ಟುತ್ತಿತ್ತು. ಕೊಳ್ಳುವವನಿಲ್ಲದ ಸರಕನ್ನು ಹಿಡಿಯುವುದು ಯಜಮಾನನ ಲೆಕ್ಕದಲ್ಲಿ ವ್ಯರ್ಥ ಖರ್ಚು. ಕಸದಲ್ಲಿ ರಸವುಂಟೆಂಬ ಜ್ಞಾನವೊಂದೇ ಕಾರ್ಖಾನೆಯ ಗೋಡೆಯನ್ನು ದಾಟಿ ಊರನ್ನು ಕಾಯಲಿಲ್ಲವೆಂಬುದಕ್ಕೆ ಈ ಇಪ್ಪತ್ತೆಂಟು ವರ್ಷಗಳೇ ಪ್ರಮಾಣ.

ಪಾರ್ಲಿಮೆಂಟನ್ನು ಎಚ್ಚರಿಸಿದವರು ರೈತರಲ್ಲ, ಪ್ರಭುಗಳು. ಸೇಂಟ್ ಹೆಲೆನ್ಸ್‌ಗೆ ಸಮೀಪದ ನೋಸ್ಲಿಯಲ್ಲಿ ಡರ್ಬಿಯ ಅರ್ಲನ ವಿಸ್ತಾರವಾದ ಎಸ್ಟೇಟಿತ್ತು. ಅದಕ್ಕೆ ಹಿಂದೆಯೇ ಎರಡು ಸಾರಿ ಪ್ರಧಾನಮಂತ್ರಿಯಾಗಿದ್ದ ಆತನು 1862ರಲ್ಲಿ ಪ್ರಭುಸಭೆಯಲ್ಲಿ ಈ ವಿಷಯವನ್ನೆತ್ತಿ ವಿಚಾರಣಾ ಸಮಿತಿಯೊಂದನ್ನು ಏರ್ಪಡಿಸಿದನು. ಹಾನಿಕರವಾದ ಅನಿಲಗಳನ್ನು ಕುರಿತ ಆ ಸಮಿತಿಯ ಮುಂದೆ ಭೂಮಾಲಿಕರು ಸಾಕ್ಷ್ಯವನ್ನು ನುಡಿದರು, ರಸಾಯನಜ್ಞರು ನುಡಿದರು, ಕಾರ್ಖಾನೆಯವರೂ ನುಡಿದರು. ಅನಿಲವನ್ನು ಪೂರ್ತಿಯಾಗಿ ಹಿಡಿಯಬಹುದೆಂದು ಗಾಸೇಜನು ಹೇಳಿದ ಮೇಲೆ, ಅದು ಆಗದ ಕೆಲಸ ಎನ್ನುವ ಬಾಯಿ ಕಟ್ಟಿತು. 1863ರಲ್ಲಿ ಕ್ಷಾರ ಶಾಸನವು ಅಂಗೀಕೃತವಾಗಿ 1864ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ ಮುಖ್ಯ ವಿಧಿಯು ಒಂದೇ ಮಾತಿನದು: ಹುಟ್ಟಿದ ಲವಣಾಮ್ಲದ ಅನಿಲದಲ್ಲಿ ಶೇಕಡ 95 ಪಾಲನ್ನಾದರೂ ಹಿಡಿಯಬೇಕು. ಹೇಗೆ ಹಿಡಿಯಬೇಕೆಂದು ಶಾಸನವು ಹೇಳಲಿಲ್ಲ. ನನಗೆ ತೋರುವ ಮಟ್ಟಿಗೆ ಅದರ ಜಾಣತನವೆಲ್ಲ ಆ ಹೇಳದೆ ಬಿಟ್ಟುದರಲ್ಲಿಯೇ ಇದೆ. ಐದು ವರ್ಷಗಳ ಅವಧಿಗೆಂದು ಮಾಡಿದ ಈ ಶಾಸನವನ್ನು 1868ರಲ್ಲಿ ಶಾಶ್ವತಗೊಳಿಸಿದರು.

ಶಾಸನವನ್ನು ನಡೆಸಲು ನೇಮಕವಾದವನು ರಾಬರ್ಟ್ ಆಂಗಸ್ ಸ್ಮಿತ್. ಜರ್ಮನಿಯಲ್ಲಿ ಲೀಬಿಗ್ ಎಂಬ ಮಹಾರಸಾಯನಜ್ಞನ ಬಳಿ ಓದಿ ಬಂದು, ಮ್ಯಾಂಚೆಸ್ಟರಿನ ಗಾಳಿಯನ್ನೂ ಮಳೆಯ ನೀರನ್ನೂ ವರ್ಷಗಟ್ಟಲೆ ಪರೀಕ್ಷಿಸಿದವನು. ‘ಆಮ್ಲದ ಮಳೆ’ ಎಂದು ಈಗ ಲೋಕವೆಲ್ಲ ಆಡುವ ಮಾತು ಆತನು 1872ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಚಾರಕ್ಕೆ ಬಂದುದು. ಆತನನ್ನು ನೇಮಿಸಿದುದು ಊರಿನ ಪುರಸಭೆಯಲ್ಲ, ಲಂಡನ್ನಿನ ವ್ಯಾಪಾರ ಮಂಡಲಿ. ಊರಿನ ಪ್ರಮುಖರೆಂದರೆ ಬಹುಮಟ್ಟಿಗೆ ಕಾರ್ಖಾನೆಯ ಯಜಮಾನರೇ ಆದುದರಿಂದ ಈ ಏರ್ಪಾಡು ಯುಕ್ತವಾಗಿತ್ತು. ಕೇವಲ ನಾಲ್ವರು ಸಹಾಯಕರೊಡನೆ ಆತನು ದೇಶದ ಕ್ಷಾರದ ಕಾರ್ಖಾನೆಗಳನ್ನೆಲ್ಲ ಸುತ್ತಿ, ಚಿಮಣಿಯೊಳಗಿನ ಅನಿಲವನ್ನು ಹೊರಗೆಳೆದು ಅಳೆಯುವ ಸಾಧನಗಳನ್ನು ಏರ್ಪಡಿಸಿದನು. ಅಳತೆಯಿಲ್ಲದ ಕಡೆ ಆರೋಪವೂ ಇಲ್ಲ, ನಿರಾಕರಣೆಗೆ ತಡೆಯೂ ಇಲ್ಲ. ಮೊದಲನೆಯ ವರ್ಷದಲ್ಲಿಯೇ ಬಹುತೇಕ ಕಾರ್ಖಾನೆಗಳು ಶಾಸನವು ಕೇಳಿದುದಕ್ಕಿಂತ ಹೆಚ್ಚಾಗಿಯೇ ಅನಿಲವನ್ನು ಹಿಡಿಯತೊಡಗಿದುವು. ಇಪ್ಪತ್ತೆಂಟು ವರ್ಷ ಆಗದೆ ಹೋದುದು ಹನ್ನೆರಡು ತಿಂಗಳಲ್ಲಿ ಆಯಿತು. ಸ್ಮಿತ್ತನು ದಂಡಿಸುವುದಕ್ಕಿಂತ ತಿಳಿಯಹೇಳುವುದರಲ್ಲಿ ನಂಬಿಕೆಯಿಟ್ಟವನು. ಮೊಕದ್ದಮೆಗಳು ಬಹಳ ವಿರಳ. ಕಾರ್ಖಾನೆಯವರೊಡನೆ ಆತನು ಅತಿ ಸಲಿಗೆಯಿಂದಿದ್ದನೆಂದು ಅಂದಿನವರು ಆಕ್ಷೇಪಿಸಿದರು. ಆಕ್ಷೇಪಣೆಯು ಪೂರ್ತಿ ಸುಳ್ಳಲ್ಲ. ಆದರೆ ಕುಲುಮೆಯ ಬಾಗಿಲು ಎಲ್ಲಿ ಬಿರಿದಿದೆ, ಗೋಪುರಕ್ಕೆ ನೀರು ಎಲ್ಲಿ ಸಾಲದಾಗಿದೆ ಎಂಬುದನ್ನು ಯಜಮಾನನಿಗೇ ತೋರಿಸಬಲ್ಲ ಅಧಿಕಾರಿಯು ಬಾಗಿಲೊಳಗೆ ಬರಗೊಡಿಸಿಕೊಂಡಷ್ಟು ಬರಿಯ ದಂಡಾಧಿಕಾರಿಯು ಬರಗೊಡಿಸಿಕೊಳ್ಳಲಾರನು.

ಶಾಸನದಲ್ಲಿ ರಂಧ್ರಗಳೂ ಇದ್ದುವು. ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ, ಕಾರ್ಖಾನೆಯು ಇಮ್ಮಡಿಯಾದರೆ ತಪ್ಪಿಸಿಕೊಳ್ಳುವ ಅನಿಲವೂ ಇಮ್ಮಡಿಯಾಗಬಹುದು. ಲವಣಾಮ್ಲವೊಂದನ್ನುಳಿದು ಗಂಧಕಾದಿ ಇತರ ಅನಿಲಗಳ ಮಾತನ್ನೇ ಅದು ಎತ್ತಿರಲಿಲ್ಲ. ಕಲ್ಲಿದ್ದಲ ಹೊಗೆಯನ್ನಂತೂ ಮುಟ್ಟಲಿಲ್ಲ. ಅದಕ್ಕಾಗಿ 1874ರ ತಿದ್ದುಪಡಿಯಲ್ಲಿ, ಹೊರಬೀಳುವ ಗಾಳಿಯ ಒಂದು ಘನ ಅಡಿಯಲ್ಲಿ ಲವಣಾಮ್ಲವು ಒಂದು ಗ್ರೇನಿನ ಐದನೆಯ ಒಂದು ಪಾಲನ್ನು ಮೀರಕೂಡದೆಂದು ವಿಧಿಸಿದರು; ಮಿಕ್ಕ ಹಾನಿಕರ ಅನಿಲಗಳ ವಿಷಯದಲ್ಲಿ, ನಡೆಸಲು ಸಾಧ್ಯವಾದ ಉಪಾಯಗಳಲ್ಲಿ ಅತ್ಯುತ್ತಮವಾದುದನ್ನು ಅನುಸರಿಸತಕ್ಕದ್ದೆಂಬ ನಿಯಮವನ್ನೂ ಸೇರಿಸಿದರು. ಈ ಕೊನೆಯ ನಿಯಮವು ಬಹುಕಾಲ ಬಾಳಿತು. 1881ರ ಶಾಸನವು ಗಂಧಕಾಮ್ಲವೇ ಮೊದಲಾದ ಬೇರೆ ಕಾರ್ಖಾನೆಗಳನ್ನೂ ಒಳಗೊಂಡಿತು. 1906ರಲ್ಲಿ ಎಲ್ಲವನ್ನೂ ಒಂದುಗೂಡಿಸಿದರು.

ಈಗ ನೀರಿನ ಕಡೆಗೆ ತಿರುಗೋಣ. ಗೋಪುರದ ಬುಡದಲ್ಲಿ ಇಳಿದ ಆಮ್ಲವು ಎಲ್ಲಿಗೆ ಹೋಯಿತು? ಕೊಳ್ಳುವವನಿಲ್ಲದಷ್ಟು ಕಾಲ ಅದು ಹೋದುದು ಹೊಳೆಗೆ. ಸೇಂಟ್ ಹೆಲೆನ್ಸಿನಲ್ಲಿ ಹರಿಯುವ ಸ್ಯಾಂಕಿ ಹಳ್ಳದ ನೀರು ಆಮ್ಲವಾಯಿತು. ದಡದ ಮೇಲೆ ಗುಡ್ಡಗುಡ್ಡವಾಗಿ ಸುರಿದಿದ್ದ ಗ್ಯಾಲಿಗುವಿಗೆ ಈ ಆಮ್ಲವು ತಗಲಿದಾಗ, ಜಲಜನಕ ಗಂಧಕಗಳು ಕೂಡಿ ಕೊಳೆತ ಮೊಟ್ಟೆಯ ದುರ್ವಾಸನೆಯ ಒಂದು ಅನಿಲವೆದ್ದಿತು. ಅದು ವಾಸನೆ ಮಾತ್ರವಲ್ಲ, ವಿಷ. ಆಕಾಶದ ಕಸವನ್ನು ನೀರಿಗೆ ಇಳಿಸಿದುದಕ್ಕೆ, ನೀರು ಮಣ್ಣಿನ ಕಸವನ್ನು ಮತ್ತೆ ಆಕಾಶಕ್ಕೆ ಏರಿಸಿ ಮುಯ್ಯಿ ತೀರಿಸಿದಂತಾಯಿತು. ಗಾಳಿಯನ್ನು ಕಾಯುವ ಶಾಸನವು ನೀರನ್ನು ಕುರಿತು ಮೌನವಾಗಿತ್ತು. ಹೊಳೆಗಳ ಮಾಲಿನ್ಯವನ್ನು ತಡೆಯುವ ಶಾಸನವು 1876ರಲ್ಲಿ ಹುಟ್ಟಿತಾದರೂ, ಉದ್ಯಮಕ್ಕೆ ತೊಂದರೆಯಾಗದಂತೆ ಎಂಬ ರಿಯಾಯಿತಿಗಳಿಂದ ಅದು ಹಲ್ಲಿಲ್ಲದ ಹಾವಾಯಿತು.

ಆದರೆ ಬೇರೊಂದು ದಿಕ್ಕಿನಿಂದ ಆಮ್ಲಕ್ಕೆ ಬೆಲೆ ಬಂದಿತು. 1861ರಲ್ಲಿ ಇಂಗ್ಲೆಂಡಿನಲ್ಲಿ ಕಾಗದದ ಮೇಲಣ ಸುಂಕವು ರದ್ದಾಯಿತು. ಚಿಂದಿಬಟ್ಟೆಯು ಸಾಲದೆ ಎಸ್ಪಾರ್ಟೋ ಎಂಬ ಹುಲ್ಲಿನಿಂದ ಕಾಗದವನ್ನು ಮಾಡಲಾರಂಭಿಸಿದರು. ಆ ಹುಲ್ಲನ್ನು ಬೆಳ್ಳಗಾಗಿಸಲು ಚೆಲುವೆ ಪುಡಿಯು ಹೇರಳವಾಗಿ ಬೇಕು. ಲವಣಾಮ್ಲದಿಂದ ಕ್ಲೋರಿನ್ ಅನಿಲವನ್ನು ಬಿಡಿಸಿ ಸುಣ್ಣಕ್ಕೆ ಹೀರಿಸಿದರೆ ಅದೇ ಚೆಲುವೆ ಪುಡಿ. ಹೀಗೆ ಬಿಡಿಸುವುದಕ್ಕೆ ಮ್ಯಾಂಗನೀಸಿನ ಅದಿರು ಬೇಕಾಗಿದ್ದು, ಅದೂ ಒಂದು ಸಾರಿ ಬಳಕೆಯಾದ ಮೇಲೆ ಹೊಳೆಗೇ ಹೋಗುತ್ತಿತ್ತು. ವಾಲ್ಟರ್ ವೆಲ್ಡನ್ ಎಂಬಾತನು 1860ರ ದಶಕದ ಕೊನೆಯಲ್ಲಿ ಆ ಮ್ಯಾಂಗನೀಸನ್ನು ಸುಣ್ಣ ಮತ್ತು ಗಾಳಿಗಳ ಸಹಾಯದಿಂದ ಮತ್ತೆ ಮತ್ತೆ ಬಳಸುವ ಕ್ರಮವನ್ನು ಕಂಡುಹಿಡಿದನು. ಈತನು ವೃತ್ತಿಯಿಂದ ಪತ್ರಿಕೋದ್ಯಮಿ, ರಸಾಯನಶಾಸ್ತ್ರವನ್ನು ಶಾಲೆಯಲ್ಲಿ ಕಲಿತವನಲ್ಲವೆಂಬುದು ನಮ್ಮಂಥ ಉಪಾಧ್ಯಾಯರು ಸ್ವಲ್ಪ ಯೋಚಿಸತಕ್ಕ ಸಂಗತಿ. 1868ರಲ್ಲಿ ವಿಡ್ನೆಸ್ಸಿನ ಹೆನ್ರಿ ಡೀಕನನು ಮ್ಯಾಂಗನೀಸೇ ಬೇಡದಂತೆ, ತಾಮ್ರದ ಲವಣದ ಸನ್ನಿಧಿಯಲ್ಲಿ ಬರಿಯ ಗಾಳಿಯಿಂದಲೇ ಕ್ಲೋರಿನ್ನನ್ನು ಬಿಡಿಸುವ ದಾರಿಯನ್ನು ತೋರಿಸಿದನು. ಹಿಂದೆ ಚಿಮಣಿಗೆ ಏರುತ್ತಿದ್ದ ಅನಿಲವು ಈಗ ಪೀಪಾಯಿಗಳಲ್ಲಿ ತುಂಬಿ ಹಡಗನ್ನೇರಿತು. ಕೆಲವು ವರ್ಷಗಳಲ್ಲಿ ಸೋಡಕ್ಕಿಂತ ಚೆಲುವೆ ಪುಡಿಯೇ ಯಜಮಾನರನ್ನು ಉಳಿಸುವ ಸರಕಾಯಿತು. ಕಸದಿಂದ ರಸವೆನ್ನುವವರು ಕಥೆಯನ್ನು ಇಲ್ಲಿಂದ ಆರಂಭಿಸುತ್ತಾರೆ. ಆದರೆ ವೆಲ್ಡನ್ ಡೀಕನರು ಕೆಲಸಕ್ಕೆ ಕೈಹಾಕಿದಾಗ ದೇಶದ ಗೋಪುರಗಳ ಬುಡದಲ್ಲೆಲ್ಲ ಆಮ್ಲವು ಬೇಕಾದಷ್ಟು ನಿಂತಿತ್ತು. ಅಷ್ಟನ್ನು ಅಲ್ಲಿ ನಿಲ್ಲಿಸಿದುದು ಶಾಸನ.

ಶಾಸನವು ಕಾಯದೆ ಹೋದವರ ಮಾತನ್ನೂ ಹೇಳಬೇಕು. ಅದರ ದೃಷ್ಟಿಯೆಲ್ಲ ಚಿಮಣಿಯ ತುದಿಯ ಮೇಲೆ. ಕುಲುಮೆಯ ಬಾಯಿಯ ಮುಂದೆ ನಿಂತವನ ಮೇಲಲ್ಲ. ಉಪ್ಪಿಗೆ ಗಂಧಕಾಮ್ಲವನ್ನು ಹಾಕಿ ಕೆದಕುವ ಕೂಲಿಯವರ ಹಲ್ಲುಗಳು ಆಮ್ಲದ ಆವಿಯಿಂದ ಸವೆದು ಉದುರಿಹೋಗುತ್ತಿದ್ದುವು. ಚೆಲುವೆ ಪುಡಿಯನ್ನು ಪೀಪಾಯಿಗೆ ತುಂಬುವವರು ಕ್ಲೋರಿನ್ ತುಂಬಿದ ಕೋಣೆಗೆ ಹೋಗುವ ಮೊದಲು, ಫ್ಲ್ಯಾನೆಲ್ ಬಟ್ಟೆಯನ್ನು ಹಲವು ಮಡಿಕೆಯಾಗಿ ಬಾಯಿಗೆ ಬಿಗಿದುಕೊಂಡು, ಬಾಯಿಂದ ಉಸಿರನ್ನು ಒಳಗೆಳೆದು ಮೂಗಿನಿಂದ ಬಿಡುವ ಅಭ್ಯಾಸವನ್ನು ಮಾಡಿಕೊಳ್ಳಬೇಕಾಗಿತ್ತು. ರಾಬರ್ಟ್ ಷೆರಾರ್ಡನೆಂಬ ಪತ್ರಿಕಾಲೇಖಕನು ಇವರ ಸ್ಥಿತಿಯನ್ನು 1897ರಲ್ಲಿ ಗ್ರಂಥರೂಪವಾಗಿ ಬೆಳಕಿಗೆ ತಂದಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಅರ್ಲನ ಎಸ್ಟೇಟಿನ ಮರಕ್ಕೆ 1863ರಲ್ಲಿ ದೊರೆತ ರಕ್ಷಣೆಯು ಈ ಮನುಷ್ಯರ ಪುಪ್ಪುಸಗಳಿಗೆ ಆ ಶತಮಾನದ ಕೊನೆಯವರೆಗೂ ದೊರೆಯಲಿಲ್ಲ. ಅನಿಲವನ್ನು ಹೊರಗೆ ಬಿಡದೆ ಒಳಗೇ ಹಿಡಿದು ಸರಕಾಗಿಸಿದುದರ ಬೆಲೆಯ ಒಂದಂಶವನ್ನು ತೆತ್ತವರು ಇವರು.

ಮೂರನೆಯದು ನೆಲ. ಗ್ಯಾಲಿಗುವಿನಲ್ಲಿ ಹುದುಗಿ ಹೋಗುತ್ತಿದ್ದ ಗಂಧಕವು ಅಗ್ಗದ ವಸ್ತುವಲ್ಲ. ಅದು ಸಿಸಿಲಿಯಿಂದ ಬರುತ್ತಿತ್ತು. 1838ರಲ್ಲಿ ಅಲ್ಲಿಯ ರಾಜನು ಗಂಧಕದ ವ್ಯಾಪಾರವನ್ನೆಲ್ಲ ಫ್ರಾನ್ಸಿನ ಒಂದು ಕಂಪನಿಗೆ ಗುತ್ತಿಗೆ ಕೊಟ್ಟುದರಿಂದ ಬೆಲೆಯು ಹಾರಿ, ಇಂಗ್ಲೆಂಡಿನವರು ಗಂಧಕವುಳ್ಳ ಕಬ್ಬಿಣದ ಅದಿರನ್ನು ಸುಡುವುದನ್ನು ಕಲಿತರು. ಹೀಗಿದ್ದರೂ ಹಿತ್ತಲಿನ ಗುಡ್ಡದಿಂದ ಗಂಧಕವನ್ನು ಹಿಂದಕ್ಕೆ ಪಡೆಯುವುದು ಬಹುಕಾಲ ಕೈಗೂಡಲಿಲ್ಲ. ಜರ್ಮನಿಯ ಲುಡ್ವಿಗ್ ಮಾಂಡ್ ಎಂಬ ತರುಣನು 1862ರಲ್ಲಿ ವಿಡ್ನೆಸ್ಸಿಗೆ ಬಂದುದೇ ಈ ಕೆಲಸಕ್ಕಾಗಿ. ಆದರೆ ಆತನ ಕ್ರಮದಿಂದ ಗಂಧಕದ ಒಂದು ಭಾಗವಷ್ಟೇ ದೊರೆಯಿತು. ಓಲ್ಡ್‌ಬರಿಯ ಅಲೆಗ್ಸಾಂಡರ್ ಚಾನ್ಸನು ಕೆಸರಿನೊಳಗೆ ಅಂಗಾರಾಮ್ಲದ ಅನಿಲವನ್ನು ಹಾಯಿಸಿ, ಏಳುವ ದುರ್ವಾಸನೆಯ ಅನಿಲವನ್ನು ಕ್ಲಾಸ್ ಎಂಬಾತನ ಗೂಡಿನಲ್ಲಿ ಮಿತವಾಗಿ ಉರಿಸಿ, ಶುದ್ಧವಾದ ಗಂಧಕವನ್ನು ಪಡೆದುದು 1880ರ ದಶಕದ ಕೊನೆಯಲ್ಲಿ. ಲೆಬ್ಲಾಂಕನ ವಿಧಾನದ ಕಸಗಳೆಲ್ಲ ಅಂದಿಗೆ ರಸವಾದಂತಾಯಿತು. ಆದರೆ ಅಷ್ಟು ಹೊತ್ತಿಗೆ ಆ ವಿಧಾನಕ್ಕೇ ಅಂತ್ಯಕಾಲವು ಸಮೀಪಿಸಿತ್ತು.

ನಮ್ಮ ಶಾಸ್ತ್ರಕಾರರು ಪಂಕಪ್ರಕ್ಷಾಲನ ನ್ಯಾಯವೆಂದು ಒಂದನ್ನು ಹೇಳುವರು: ಕೆಸರನ್ನು ಮುಟ್ಟಿ ಕೈತೊಳೆಯುವುದಕ್ಕಿಂತ ಮುಟ್ಟದೆ ದೂರವಿರುವುದು ಲೇಸೆಂಬುದು ಅದರ ತಾತ್ಪರ್ಯ. ಬೆಲ್ಜಿಯಂ ದೇಶದ ಅರ್ನೆಸ್ಟ್ ಸಾಲ್ವೆಯು ಈ ನ್ಯಾಯವನ್ನು ಕೇಳಿದವನಲ್ಲ. ಆದರೆ 1861ರಲ್ಲಿ ಹಕ್ಕುಪತ್ರವನ್ನು ಪಡೆದ ಆತನ ವಿಧಾನವು ಇದಕ್ಕೆ ಭಾಷ್ಯದಂತಿದೆ. ಉಪ್ಪುನೀರಿಗೆ ಅಮೋನಿಯವನ್ನು ಹೀರಿಸಿ, ಅಂಗಾರಾಮ್ಲದ ಅನಿಲವನ್ನು ಹಾಯಿಸಿದರೆ, ಕಾಯಿಸಿದೊಡನೆ ಸೋಡವಾಗುವ ಒಂದು ಪುಡಿಯು ತಳಕ್ಕಿಳಿಯುವುದು. ಇಲ್ಲಿ ಗಂಧಕಾಮ್ಲವಿಲ್ಲ, ಆದುದರಿಂದ ಲವಣಾಮ್ಲದ ಅನಿಲವೂ ಇಲ್ಲ, ಗ್ಯಾಲಿಗುವೂ ಇಲ್ಲ. ಅಮೋನಿಯವು ಬಹು ಬೆಲೆಯುಳ್ಳದ್ದಾದ ಕಾರಣ ಅದನ್ನು ಸುಣ್ಣದಿಂದ ಬಿಡಿಸಿ ಮತ್ತೆ ಮತ್ತೆ ಬಳಸದಿದ್ದರೆ ಕಾರ್ಖಾನೆಯು ಒಂದು ದಿನವೂ ನಡೆಯಲಾರದು. ಹಿಡಿಯುವುದು ಅಲ್ಲಿ ಮೇಲಿನಿಂದ ಹೊರಿಸಿದ ನಿರ್ಬಂಧವಲ್ಲ, ವಿಧಾನದ ಪ್ರಾಣ. ಗ್ಯಾಲಿಗುವಿನೊಡನೆ ಹೆಣಗಿದ್ದ ಮಾಂಡನೇ 1872ರಲ್ಲಿ ಸಾಲ್ವೆಯಿಂದ ಅನುಮತಿಯನ್ನು ಪಡೆದು, ಜಾನ್ ಬ್ರನರನೊಡನೆ ಚೆಷೈರಿನ ವಿನ್ನಿಂಗ್ಟನ್ನಿನಲ್ಲಿ ಈ ವಿಧಾನವನ್ನು ಊರ್ಜಿತಗೊಳಿಸಿದನು. ಹಳೆಯ ಕಾರ್ಖಾನೆಗಳು 1890ರಲ್ಲಿ ಒಂದೇ ಕಂಪನಿಯಾಗಿ ಕೂಡಿಕೊಂಡು, ಚೆಲುವೆ ಪುಡಿಯ ಬಲದಿಂದ ಇನ್ನಷ್ಟು ಕಾಲ ಉಸಿರಾಡಿ, 1920ರ ಸುಮಾರಿಗೆ ಲೆಬ್ಲಾಂಕನ ವಿಧಾನವನ್ನು ತೊರೆದುವು. ವಿಡ್ನೆಸ್ಸಿನಲ್ಲಿ ಹಚಿನ್ಸನನ ಕಾರ್ಖಾನೆಯಿದ್ದ ಸ್ಪೈಕ್ ಐಲೆಂಡ್ ಎಂಬ ನೆಲವನ್ನು 1970ರ ದಶಕದಿಂದೀಚೆಗೆ ಹಸನುಗೊಳಿಸಿ ಉದ್ಯಾನವನ್ನು ಮಾಡಿದ್ದಾರೆ.

ಸಾಲ್ವೆಯ ವಿಧಾನಕ್ಕೂ ಉಚ್ಛಿಷ್ಟವು ಇಲ್ಲದಿಲ್ಲ. ಉಪ್ಪಿನ ಕ್ಲೋರಿನ್ ಅಂಶವೆಲ್ಲ ಸುಣ್ಣದೊಡನೆ ಕೂಡಿ ಬೇಡದ ಲವಣವಾಗಿ ಹೋಗುವುದು. ಅಮೆರಿಕದ ಒನಂಡಾಗ ಸರೋವರದ ದಡದಲ್ಲಿ ಅಂತಹ ಉಚ್ಛಿಷ್ಟದ ದಿಬ್ಬಗಳೇ ಬೆಳೆದಿವೆ. ಕ್ಲೋರಿನ್ನನ್ನು ನೇರವಾಗಿ ಪಡೆಯಲು ಉಪ್ಪುನೀರಿಗೆ ವಿದ್ಯುತ್ತನ್ನು ಹಾಯಿಸುವ ಕ್ರಮವು 1890ರ ದಶಕದಲ್ಲಿ ಬಂದಿತು. ಕ್ಯಾಸ್ಟ್ನರ್ ಮತ್ತು ಕೆಲ್ನರ್ ಎಂಬಿಬ್ಬರು ಏರ್ಪಡಿಸಿದ ಆ ಕೋಶದ ತಳದಲ್ಲಿ ಹರಿಯುತ್ತಿದ್ದುದು ಪಾದರಸ. ಹೊಗೆಯಿಲ್ಲ, ಕೆಸರಿಲ್ಲ, ನೋಡಲು ಬಹು ನಿರ್ಮಲ. ಆದರೆ ಪಾದರಸವು ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾಗಿ ನೀರಿಗೆ ಸೋರಿಹೋಗುತ್ತಿತ್ತು. ಇದರ ಫಲವನ್ನು ಕನ್ನಡನಾಡೂ ಕಂಡಿತು. ಕಾರವಾರದ ಬಳಿಯ ಬಿಣಗಾದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಾಪಿತವಾದ ಕಾಸ್ಟಿಕ್ ಸೋಡದ ಕಾರ್ಖಾನೆಯು ಮೊದಲು ಪಾದರಸದ ಕೋಶಗಳನ್ನೇ ಬಳಸಿತು. ಆ ಕೊಲ್ಲಿಯ ಕೆಸರಿನಲ್ಲಿಯೂ ಚಿಪ್ಪಿನ ಜೀವಿಗಳಲ್ಲಿಯೂ ಪಾದರಸವು ಸೇರಿದುದನ್ನು ಸಮುದ್ರವಿಜ್ಞಾನಿಗಳು ಅಳೆದು ಪ್ರಕಟಿಸಿದರು. ಜಲಮಾಲಿನ್ಯವನ್ನು ತಡೆಯುವ ಶಾಸನವು ನಮ್ಮ ದೇಶದಲ್ಲಿ 1974ರಲ್ಲಿಯೂ, ವಾಯುಮಾಲಿನ್ಯದ್ದು 1981ರಲ್ಲಿಯೂ ಬಂದುವು. ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯು 1974ರ ಸೆಪ್ಟೆಂಬರಿನಲ್ಲಿ ರಚಿತವಾಯಿತು. ಪಾದರಸದ ಬದಲು ತೆಳ್ಳಗಿನ ಪೊರೆಯನ್ನು ಇಟ್ಟು ಅದೇ ಕೆಲಸವನ್ನು ಮಾಡುವ ಕೋಶಗಳು 1970ರ ದಶಕದಲ್ಲಿಯೇ ಜಪಾನಿನಲ್ಲಿ ಬಳಕೆಗೆ ಬಂದಿದ್ದುವು. ಈ ಉದ್ಯಮದಲ್ಲಿ ಪಾದರಸದ ಬಳಕೆಯನ್ನು 2025ರೊಳಗೆ ನಿಲ್ಲಿಸತಕ್ಕದ್ದೆಂದು ವಿಧಿಸಿದ ಮಿನಮಾಟ ಒಪ್ಪಂದಕ್ಕೆ ರಾಷ್ಟ್ರಗಳು ಒಪ್ಪಿದುದು 2013ರಲ್ಲಿ. ಭಾರತವು ಅದನ್ನು ಸ್ಥಿರೀಕರಿಸಿದುದು 2018ರಲ್ಲಿ. ಗಾಸೇಜನ ಗೋಪುರಕ್ಕೂ ಕ್ಷಾರ ಶಾಸನಕ್ಕೂ ನಡುವೆ ಇದ್ದುದು ಇಪ್ಪತ್ತೇಳು ವರ್ಷ. ಪೊರೆಯ ಕೋಶಕ್ಕೂ ಈ ಒಪ್ಪಂದಕ್ಕೂ ನಡುವಣ ಅಂತರವನ್ನು ವಾಚಕರೇ ಎಣಿಸಿಕೊಳ್ಳಬಹುದು.